ಕೊಳದಡಿಯ ಅಜ್ಜಿಯೂ ಡಬ್ಲಿನ್ನಿನ ಪಿತೃಪಕ್ಷವೂ

ಜರ್ಮನಿಯಲ್ಲಿ ಗುಡ್ಡ ಅಂತ ಒಂದಿದ್ದರೆ ಅದರ ಹೊಟ್ಟೆಯೊಳಗೆ ಯಾರಾದರೂ ಇದ್ದೇ ಇರುತ್ತಾರೆ. ಸತ್ತವರು, ಅರ್ಧ ಸತ್ತವರು, ಸಾಯುವುದನ್ನು ಮರೆತವರು. ನಾನು ಬೆಂಗಳೂರಿನಲ್ಲಿ ಬಹಳ ವರ್ಷ ಜರ್ಮನ್ ಕಲಿಸಿದವಳು. ವ್ಯಾಕರಣ ಶುರುವಾದ ಕೂಡಲೇ ತೂಕಡಿಸುತ್ತಿದ್ದ ಎಂಜಿನಿಯರುಗಳನ್ನು ಎಬ್ಬಿಸುವುದಕ್ಕೆ ಅಲ್ಲಿನ ಪಾತಾಳದ ಕಥೆಗಳಷ್ಟು ಒಳ್ಳೆಯ ಮದ್ದು ಇನ್ನೊಂದಿರಲಿಲ್ಲ. ಒಂದು ಗುಡ್ಡದೊಳಗೆ ಹಳೆಯ ಚಕ್ರವರ್ತಿಯೊಬ್ಬ ಕಲ್ಲಿನ ಮೇಜಿನ ಮುಂದೆ ಕೂತು ನಿದ್ದೆ ಹೋಗಿದ್ದಾನೆ. ಅವನ ಗಡ್ಡ ಬೆಳೆದು ಬೆಳೆದು ಮೇಜನ್ನೇ ತೂರಿಕೊಂಡು ಕೆಳಗಿಳಿದಿದೆ. ಗುಡ್ಡದ ಸುತ್ತ ಕಾಗೆಗಳು ಹಾರುತ್ತಿರುವ ತನಕ ಅವನು ಏಳುವಂತಿಲ್ಲ. ಇನ್ನೊಂದು ಗುಡ್ಡದೊಳಗೆ ಹಗಲೂ ರಾತ್ರಿ ಹಾಡು, ಕುಣಿತ, ಔತಣ. ಒಳಗೆ ಹೊಕ್ಕವನು ಮೂರು ದಿನ ಇದ್ದೆ ಅಂದುಕೊಂಡು ಹೊರಗೆ ಬಂದರೆ ಊರಿನಲ್ಲಿ ಅವನ ಗುರುತು ಹಿಡಿಯುವವರು ಒಬ್ಬರೂ ಉಳಿದಿರುವುದಿಲ್ಲ.

ಡಾಲರಿನ ನಾಡಿನ ಈ ಯೂನಿಯನ್ ಸಿಟಿಗೆ ಬಂದ ಮೇಲೆ ಆ ಎರಡೂ ಗುಡ್ಡಗಳು ನನ್ನ ಮನೆಯೊಳಗೇ ಇವೆ ಅನ್ನಿಸತೊಡಗಿತು. "ಎರಡೇ ವರ್ಷ ಕಣೇ, ಆಮೇಲೆ ವಾಪಸ್" ಎಂದು ನನ್ನನ್ನು ಕರೆತಂದ ಗಂಡ ಲ್ಯಾಪ್‌ಟಾಪಿನ ಮುಂದೆ ಕೂತವರು ಇನ್ನೂ ಎದ್ದಿಲ್ಲ. ಗಡ್ಡ ನೆರೆತಿದೆ. ಮೇಜನ್ನು ತೂರಿಕೊಂಡು ಹೋಗಿಲ್ಲ ಅಷ್ಟೇ, ಆಗಾಗ ನಾನೇ ಕತ್ತರಿ ಕೊಡುತ್ತೇನೆ. ಬೆಂಗಳೂರಿಗೆ ಹೋದರೆ ನಮ್ಮ ಬೀದಿಯಲ್ಲಿ ನಮ್ಮನ್ನು ಯಾರು ಬೇಕಿತ್ತು ಎಂದು ಕೇಳುತ್ತಾರೆ. ಹಾಗಾಗಿ ಜರ್ಮನರ ಪಾತಾಳವನ್ನು ನಾನು ಕಟ್ಟುಕಥೆ ಎಂದು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ.

ಸತ್ತವರ ಲೋಕದ ಗಡಿಯಲ್ಲಿ ಜರ್ಮನರದೊಂದು ಹೆಂಡದಂಗಡಿಯೂ ಇದೆ. ಸತ್ತವರೆಲ್ಲ ಅಲ್ಲಿ ಇಳಿದು, ಒಂದು ಲೋಟ ಕುಡಿದು, ಸುಧಾರಿಸಿಕೊಂಡೇ ಮುಂದಕ್ಕೆ ಹೋಗಬೇಕಂತೆ. ಯಾರಿಗೂ ನೇರ ದಾರಿ ಇಲ್ಲ. ಬೆಂಗಳೂರಿನ ವಿಮಾನಕ್ಕೆಂದು ಫ್ರಾಂಕ್‌ಫರ್ಟಿನಲ್ಲಿ ಕಾಲು ಊದಿಸಿಕೊಂಡು ಕೂತ ಯಾವ ಕನ್ನಡಿಗನಿಗೂ ಈ ಕಥೆಯಲ್ಲಿ ಅನುಮಾನ ಬರಲಾರದು.

ನಮ್ಮ ಕಾಂಪ್ಲೆಕ್ಸಿನಲ್ಲಿ, ನಮ್ಮ ಮನೆಯ ನೇರ ಕೆಳಗೆ, ಒಬ್ಬರು ಜರ್ಮನ್ ಅಜ್ಜಿ ಇದ್ದಾರೆ. ಎಂಬತ್ತು ದಾಟಿದೆ. ಗಂಡ ತೀರಿಹೋಗಿದ್ದಾರೆ. ನಾನು ಬಂದ ಹೊಸದರಲ್ಲಿ ಮೇಲ್‌ಬಾಕ್ಸಿನ ಹತ್ತಿರ ಅವರು ತಮ್ಮಷ್ಟಕ್ಕೇ ಜರ್ಮನ್‌ನಲ್ಲಿ ಬೈದುಕೊಳ್ಳುತ್ತಿದ್ದರು. ನಾನು ಅದೇ ಭಾಷೆಯಲ್ಲಿ, ಬೈಗುಳದ ಒಂದು ಪದವನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ ಎಂದೆ. ಅಂದಿನಿಂದ ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಕಾಫಿ. ಕಾಫಿ ನನ್ನದು, ಕೇಕು ಅವರದು. ನನ್ನ ಫಿಲ್ಟರ್ ಕಾಫಿಗೆ ಅವರು ಮೊದಲ ಸಲ ಮುಖ ಹಿಂಡಿದ್ದರು. ಈಗ ಎರಡನೆಯ ಲೋಟವನ್ನೂ ಕೇಳಿ ಹಾಕಿಸಿಕೊಳ್ಳುತ್ತಾರೆ.

ಅಜ್ಜಿ ಕ್ರಿಸ್‌ಮಸ್ ಆದ ಮೇಲಿನ ಹನ್ನೆರಡು ದಿನ ಬಟ್ಟೆ ಒಗೆದು ಹರವುವುದಿಲ್ಲ. ಆ ದಿನಗಳಲ್ಲಿ ಸತ್ತವರ ದಂಡು ಆಕಾಶದಲ್ಲಿ ಹೋಗುತ್ತದಂತೆ. ಹಗ್ಗಕ್ಕೆ ಸಿಕ್ಕಿಕೊಂಡರೆ ಸಿಟ್ಟಾಗುತ್ತದಂತೆ. ನಮ್ಮ ಕಾಂಪ್ಲೆಕ್ಸಿನ ಅಸೋಸಿಯೇಷನ್ನಿನವರು ವರ್ಷಪೂರ್ತಿ ಯಾರೂ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದು ಎಂದು ನಿಯಮ ಮಾಡಿದ್ದಾರೆ. ಸತ್ತವರ ಬಗ್ಗೆ ಅವರಿಗಿರುವ ಕಾಳಜಿ ನೋಡಿ ಅಜ್ಜಿಗೇ ಆಶ್ಚರ್ಯವಾಗಿತ್ತು.

ಇಷ್ಟೆಲ್ಲ ಹೇಳಿದ್ದು ಹೋದ ಪಿತೃಪಕ್ಷದ ಸಂಗತಿಯನ್ನು ಹೇಳುವುದಕ್ಕೆ.

ಇಲ್ಲಿ ಪಿತೃಪಕ್ಷ ಬರುವುದು ಇಲ್ಲಿಯವರ ಭೂತದ ಹಬ್ಬಕ್ಕೆಂದು ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನ ಎಲುಬು, ತಲೆಬುರುಡೆ ಮಾರಾಟಕ್ಕೆ ಬರುವ ಕಾಲದಲ್ಲಿ. ನಮ್ಮ ಕನ್ನಡ ಬಳಗದ ಅಧ್ಯಕ್ಷೆಗೆ ಸರಟೋಗಾದ ಗುಡ್ಡದ ಮೇಲೆ ದೊಡ್ಡ ಮನೆ. ಪಕ್ಷ ಮುಗಿಯುವ ತನಕ ಶುಭಕಾರ್ಯ ಕೂಡದು ಎಂದು ಮಗನ ಹೊಸ ಕಾರನ್ನು ಶೋರೂಮಿನಲ್ಲೇ ನಿಲ್ಲಿಸಿದ್ದರು. ಅದೇ ವಾರ ಮನೆಯ ಮುಂದೆ ಆಳೆತ್ತರದ ಅಸ್ಥಿಪಂಜರವನ್ನು ನಿಲ್ಲಿಸಿ, ಅದರ ಕೈಗೆ ಕುಂಬಳಕಾಯಿ ಕೊಟ್ಟು, ಫೋಟೋ ತೆಗೆದು ನಮ್ಮ ಗುಂಪಿಗೆ ಕಳಿಸಿದ್ದರು. ಬೂದುಗುಂಬಳ ಅಲ್ಲವಲ್ಲ, ಅದಕ್ಕೇ ದೋಷ ಇಲ್ಲ ಎಂದು ಕಾಣುತ್ತದೆ.

ಆ ವರ್ಷ ಅವರು ನಮ್ಮ ಹತ್ತಿರದ ಊರು ಡಬ್ಲಿನ್ನಿನ ಒಂದು ಕಮ್ಯೂನಿಟಿ ಹಾಲಿನಲ್ಲಿ ಸಾಮೂಹಿಕ ಪಿತೃಪಕ್ಷ ಮಾಡುವುದೆಂದು ಘೋಷಿಸಿದರು. ಒಂದು ಕಡೆ ತರ್ಪಣ, ಒಂದು ಕಡೆ ಎಡೆ, ಆಮೇಲೆ ಎಲ್ಲರಿಗೂ ಊಟ. ಒಬ್ಬೊಬ್ಬರ ಮನೆಯಲ್ಲಿ ಹೊಗೆಯ ಅಲಾರಾಮು ಕೂಗಿಸುವುದಕ್ಕಿಂತ ಒಂದೇ ಕಡೆ ಕೂಗಿಸಿದರೆ ಅನುಕೂಲ ಎಂಬುದು ಅವರ ವಾದ. ಕೂಡಲೇ ಗುಂಪಿನಲ್ಲಿ ಜಗಳ ಹತ್ತಿಕೊಂಡಿತು. ಅಮಾವಾಸ್ಯೆ ಇಂಡಿಯಾದ್ದೋ ಇಲ್ಲಿಯದೋ? ಪಿತೃಗಳು ಯಾವ ಟೈಮ್‌ಝೋನಿನಲ್ಲಿದ್ದಾರೆ? ಸತ್ತದ್ದು ಅಲ್ಲಿ, ಮಕ್ಕಳಿರುವುದು ಇಲ್ಲಿ, ಹಾಗಾದರೆ ನಡುವೆ ಎಲ್ಲಾದರೂ ಇರಬೇಕಲ್ಲವೇ ಎಂದು ನನ್ನ ಗಂಡ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಕೇಳಿದರು. ಕೊನೆಗೆ ಅಧ್ಯಕ್ಷೆ ಒಂದು ಆಡಿಯೋ ಕಳಿಸಿದರು. "ನೋಡ್ರಪ್ಪಾ, ಶನಿವಾರ ಹಾಲು ಸಿಕ್ಕಿದೆ. ಪಿತೃಗಳು ಅಡ್ಜಸ್ಟ್ ಮಾಡ್ಕೋತಾರೆ, ಹಾಲಿನವ್ರು ಮಾಡ್ಕೊಳ್ಳಲ್ಲ." ಅಲ್ಲಿಗೆ ತಿಥಿ ನಿರ್ಣಯವಾಯಿತು.

ನಮ್ಮ ಪಕ್ಕದ ಬ್ಲಾಕಿನಲ್ಲಿ ಮೈಸೂರಿನ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಹುಡುಗಿ ಅಂದರೆ ನನ್ನ ಲೆಕ್ಕದಲ್ಲಿ. ಮೂವತ್ತು ದಾಟಿದವಳು, ದೊಡ್ಡ ಕೆಲಸದವಳು, ಗಂಡನೂ ಅದೇ ಬಗೆಯ ಕೆಲಸದವನು. ಆ ಬೇಸಿಗೆಯಲ್ಲಿ ಅವಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಹೆಣ್ಣುಮಗು ಒಂದು ಹಗಲು ಇದ್ದು ಹೋಗಿಬಿಟ್ಟಿತ್ತು. ಬೆಳಿಗ್ಗೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ ಇರಲಿಲ್ಲ. ಊರ ಹೊರಗಿನ ಸ್ಮಶಾನದಲ್ಲಿ ಮಕ್ಕಳಿಗೆಂದೇ ಇರುವ ಹುಲ್ಲಿನ ತುಂಡಿನಲ್ಲಿ ಮಣ್ಣು ಮಾಡಿ ಬಂದಿದ್ದೆವು. ನಾವೆಂದರೆ ಅವರಿಬ್ಬರು ಮತ್ತು ನಾನು.

ಸಾಮೂಹಿಕ ಪಿತೃಪಕ್ಷದ ಸುದ್ದಿ ಬಂದ ಮೇಲೆ ಅವಳು ನಮ್ಮ ಮನೆಗೆ ಬಂದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು.

"ಆಂಟಿ, ಪಾಪುಗೂ ಒಂದು ಎಲೆ ಹಾಕ್ಬೋದಾ?"

"ಹಾಕೋಣ ಕಣೇ, ಅದಕ್ಕೇನಂತೆ?"

"ಅಧ್ಯಕ್ಷರನ್ನ ಕೇಳ್ದೆ. ಆಗಲ್ಲ ಅಂದ್ರು."

ಅಧ್ಯಕ್ಷೆ ಹೇಳಿದ್ದಿಷ್ಟು. ಹಲ್ಲು ಬಾರದ ಕೂಸಿಗೆ ಕರ್ಮ ಇಲ್ಲ, ತಿಥಿ ಇಲ್ಲ, ಎಡೆಯೂ ಇಲ್ಲ. ಅಂಥ ಜೀವ ಸೀದಾ ದೇವರ ಹತ್ತಿರ ಹೋಗುತ್ತದೆ. ನೀನು ಸುಮ್ಮನೆ ಅತ್ತು ಅತ್ತು ಅದನ್ನು ಹಿಡಿದು ನಿಲ್ಲಿಸಬೇಡ. ನೀನು ಅತ್ತಷ್ಟೂ ಅದಕ್ಕೆ ಭಾರ. ಹೀಗೆ ಹೇಳಿ, ಮನಸ್ಸಿಗೆ ಹಗುರವಾಗಲಿ ಎಂದು ಒಂದು ಧ್ಯಾನದ ಆ್ಯಪಿನ ಲಿಂಕನ್ನೂ ಕಳಿಸಿದ್ದರು.

ನಮ್ಮವರಲ್ಲಿ ಇದು ಹೊಸ ಮಾತಲ್ಲ. ಬಂಧುಗಳು ಸುರಿಸಿದ ಕಣ್ಣೀರನ್ನು ಸತ್ತ ಜೀವ ಬೇಡವೆಂದರೂ ಕುಡಿಯಬೇಕಾಗುತ್ತದೆ, ಆದ್ದರಿಂದ ಅಳಕೂಡದು ಎಂದು ನನ್ನ ಸೋದರತ್ತೆ ಎಲ್ಲ ಸಾವಿನ ಮನೆಯಲ್ಲೂ ಹೇಳುತ್ತಿದ್ದಳು. ಹೇಳಿ ತಾನು ಮಾತ್ರ ಸೆರಗು ಒದ್ದೆಯಾಗುವಷ್ಟು ಅಳುತ್ತಿದ್ದಳು. ಆದರೆ ಆ ಹುಡುಗಿಗೆ ಅದನ್ನು ಹೇಳಿದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ಅವಳಿಗೆ ಬೇಕಾಗಿದ್ದುದು ಒಂದೇ ಒಂದು. ಎಲ್ಲರ ಸತ್ತವರೂ ಸಾಲಾಗಿ ಕೂತು ಉಣ್ಣುವ ದಿನ ತನ್ನ ಮಗುವಿಗೂ ಅಲ್ಲೊಂದು ಜಾಗ.

"ನೀನು ಬಾ," ಅಂದೆ. "ಹಾಲಿಗೆ ಹೋಗಿ ನೋಡೋಣ. ತರ್ಪಣ ಮಾಡಿಸೋ ಶಾಸ್ತ್ರಿಗಳನ್ನೇ ನೇರ ಕೇಳಿಬಿಡೋಣ."

"ಏನು ಹಾಕ್ಲಿ ಆಂಟಿ ಎಲೆಗೆ? ಅವಳಿಗೆ ಏನಿಷ್ಟ ಅಂತ ಗೊತ್ತಾಗೋಷ್ಟು ಹೊತ್ತು ಅವಳು ಇರ್ಲೇ ಇಲ್ಲ."

ಒಂದು ಬಟ್ಟಲು ಹಾಲು ಇಡು ಅಂದೆ.

ಶನಿವಾರ ಡಬ್ಲಿನ್ನಿನ ಹಾಲಿಗೆ ಹೋದಾಗ ಎಡೆಯ ಮೇಜು ಆಗಲೇ ತುಂಬಿತ್ತು. ಗ್ರೋಸರಿಯಿಂದ ತಂದ ಫ್ರೋಜನ್ ಬಾಳೆ ಎಲೆಗಳು ಕರಗಿ, ನೀರೊಡೆದು, ಮುದುಡಿಕೊಂಡಿದ್ದವು. ಎಲೆಯ ಹಿಂದೆ ಒಂದೊಂದು ಫೋಟೋ. ಕೆಲವು ಫೋಟೋಗಳು ಟ್ಯಾಬ್ಲೆಟ್ಟಿನಲ್ಲಿದ್ದವು. ಚಾರ್ಜು ಇಳಿದಂತೆಲ್ಲ ಅಜ್ಜಂದಿರು ಮಸುಕಾಗುತ್ತಿದ್ದರು, ಯಾರಾದರೂ ಬಂದು ಮುಟ್ಟಿ ಮತ್ತೆ ಬೆಳಗಿಸಬೇಕಿತ್ತು. ಒಬ್ಬರ ತಾತನಿಗೆ ನಶ್ಯದ ಡಬ್ಬಿ. ಇನ್ನೊಬ್ಬರ ಮಾವನಿಗೆ ಸಕ್ಕರೆ ಕಾಯಿಲೆ ಇತ್ತಂತೆ, ಅವರ ಎಲೆಗೆ ಶುಗರ್‌ಫ್ರೀ ಪಾಯಸ. ಸತ್ತ ಮೇಲಾದರೂ ಆ ಮನುಷ್ಯ ನಾಲ್ಕು ಚಮಚ ಸಕ್ಕರೆ ತಿನ್ನಲಿ ಎಂದು ಸೊಸೆಗೆ ಅನ್ನಿಸಿರಲಿಲ್ಲ. ಮಕ್ಕಳು ಮೂಗು ಮುಚ್ಚಿಕೊಂಡು ಓಡಾಡುತ್ತ, "ಅಮ್ಮಾ, ಆರ್ ದೇ ರಿಯಲಿ ಕಮಿಂಗ್?" ಎಂದು ಕೇಳುತ್ತಿದ್ದವು. ಬರುತ್ತಾರೆ, ಪಾರ್ಕಿಂಗ್ ಸಿಕ್ಕಿಲ್ಲ ಅಷ್ಟೇ ಎಂದು ಒಬ್ಬ ಅಪ್ಪ ಹೇಳಿದ.

ಆ ಸಾಲಿನ ನಟ್ಟನಡುವೆ ಒಂದು ನಾಯಿ ಇತ್ತು. ಅಂದರೆ ನಾಯಿಯ ಫೋಟೋ, ಹಾರ ಹಾಕಿದ್ದು. ಅಧ್ಯಕ್ಷೆಯ ಮನೆಯ ಲ್ಯಾಬ್ರಡಾರು, ಹೋಳಿ ಕಳೆದ ಮೇಲೆ ತೀರಿಕೊಂಡಿತ್ತು. ಅದರ ಎಲೆಯಲ್ಲಿ ಮೊಸರನ್ನ, ಪಕ್ಕದಲ್ಲಿ ಒಂದು ಟೆನಿಸ್ ಚೆಂಡು. ಜನ ಬಂದು ಬಂದು ಆ ಫೋಟೋದ ಮುಂದೆ ನಿಂತು ಕಣ್ಣು ತೇವ ಮಾಡಿಕೊಳ್ಳುತ್ತಿದ್ದರು.

ಹುಡುಗಿ ಹಾಲಿನ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ಆ ಚೆಂಡನ್ನೇ ನೋಡುತ್ತಿದ್ದಳು.

"ಅದಕ್ಕೆ ಹಲ್ಲಿತ್ತಲ್ಲ ಆಂಟಿ," ಅಂದಳು.

ನಾನು ಅಧ್ಯಕ್ಷೆಯನ್ನು ಹುಡುಕಿಕೊಂಡು ಹೊರಟೆ. ಅವಳು ನನ್ನ ಸೆರಗು ಹಿಡಿದು ನಿಲ್ಲಿಸಿದಳು. "ಬೇಡ. ಶಾಸ್ತ್ರಿಗಳನ್ನೇ ಕೇಳ್ತೀನಿ."

ಶಾಸ್ತ್ರಿಗಳು ಇದ್ದುದು ಬೆಂಗಳೂರಿನಲ್ಲಿ, ನಮಗೆ ಕಾಣುತ್ತಿದ್ದುದು ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ. ಅಲ್ಲಿ ಆಗಲೇ ರಾತ್ರಿ. ಹಿಂದಿನಿಂದ ಕುಕ್ಕರಿನ ಸೀಟಿ ಕೇಳುತ್ತಿತ್ತು. ಪರದೆಯ ಮುಂದೆ ಗಂಡಸರು ಸಾಲಾಗಿ ಪಂಚೆ ಉಟ್ಟು, ಒಳಗೆ ಬೆಚ್ಚಗಿನ ಪ್ಯಾಂಟೂ ತೊಟ್ಟು, ಎಳ್ಳು, ದರ್ಭೆ, ನೀರು ಇಟ್ಟುಕೊಂಡು ಕೂತಿದ್ದರು. ಹುಡುಗಿಯ ಗಂಡನೂ ಕೂತಿದ್ದ, ಅವನಿಗೆ ಅಪ್ಪ ಇಲ್ಲ. ಶಾಸ್ತ್ರಿಗಳು ಒಳ್ಳೆಯ ಮನುಷ್ಯ. ಯಾರಿಗೂ ಅವಸರ ಮಾಡದೆ, ಗೋತ್ರ ಗೊತ್ತಿಲ್ಲದವರಿಗೂ ಒಂದು ದಾರಿ ತೋರಿಸುತ್ತ, ತಂದೆ, ತಾತ, ಮುತ್ತಾತ, ಚಿಕ್ಕಪ್ಪ, ಸೋದರಮಾವ, ಗುರು, ಗೆಳೆಯ ಎಲ್ಲರಿಗೂ ನೀರು ಬಿಡಿಸಿದರು. ಕೈಯ ಸಂದಿಯಿಂದ ಎಳ್ಳುನೀರು ತಟ್ಟೆಗೆ ಬೀಳುವ ಸದ್ದು ಹಾಲಿನ ತುಂಬ ಕೇಳುತ್ತಿತ್ತು.

ಆಗ ಹುಡುಗಿ ಹೋಗಿ ಗಂಡನ ಹಿಂದೆ ಮಂಡಿಯೂರಿ ಕೂತಳು. ಮೈಕಿನ ಹತ್ತಿರ ಬಾಗಿದಳು.

"ಶಾಸ್ತ್ರಿಗಳೇ, ನಮ್ಮ ಮಗೂಗೂ ನೀರು ಬಿಡಿಸ್ತೀರಾ?"

"ಆಗ್ಲಿ ತಾಯೀ. ಎಷ್ಟು ವಯಸ್ಸು?"

"ಒಂದು ಹಗಲು."

"ಹೆಸರು?"

"ಇನ್ನೂ ಇಟ್ಟಿರ್ಲಿಲ್ಲ."

ಪರದೆಯ ಮೇಲೆ ಅವರ ಮುಖ ಅಲುಗಾಡಲಿಲ್ಲ. "ನೆಟ್ ಹೋಯ್ತು, ನೆಟ್ ಹೋಯ್ತು" ಎಂದು ಯಾರೋ ಕೂಗಿ ವೈರು ಹುಡುಕಲು ಓಡಿದರು. ನೆಟ್ ಹೋಗಿರಲಿಲ್ಲ, ಅವರು ಯೋಚಿಸುತ್ತಿದ್ದರು. ಹಿಂದೆ ಕುಕ್ಕರು ಇನ್ನೊಂದು ಸಲ ಕೂಗಿತು.

"ಹಾಗೆ ವಿಧಿ ಇಲ್ಲ ತಾಯೀ," ಅಂದರು ಕೊನೆಗೆ, ಬಹಳ ಮೆಲ್ಲಗೆ. "ಆದ್ರೆ ಬೇಜಾರು ಮಾಡ್ಕೋಬೇಡಿ. ಎಲ್ಲಾ ಆದ್ಮೇಲೆ ಕೊನೇಲಿ ಒಂದು ನೀರು ಬಿಡ್ತೀವಿ. ತಾಯಿ ಇಲ್ಲ, ತಂದೆ ಇಲ್ಲ, ಬಂಧು ಇಲ್ಲ, ಅಂಥ ದಿಕ್ಕಿಲ್ಲದ ಜೀವಗಳಿಗೆ ಅಂತ. ಅದರ ಜೊತೇಲಿ ಮಗೂನೂ ಮನಸ್ಸಲ್ಲಿ ಸೇರಿಸ್ಕೊಂಡ್ಬಿಡೋಣ. ಯಾರೂ ಕೇಳಲ್ಲ."

ನನಗೆ ಒಂದು ಕ್ಷಣ ನೆಮ್ಮದಿಯಾಯಿತು. ಇದು ನಮ್ಮವರ ಜಾಣತನ. ಮುಂದಿನ ಬಾಗಿಲು ಮುಚ್ಚಿದ್ದರೆ ಹಿತ್ತಿಲ ಬಾಗಿಲನ್ನು ಒಂಚೂರು ತೆರೆದಿಡುವುದು. ಹುಡುಗಿಯ ಗಂಡ ಆಗಲೇ ತಲೆಯಾಡಿಸಿ ಬೊಗಸೆ ಒಡ್ಡಿದ್ದ.

"ಅಮ್ಮ ಇಲ್ಲದವರ ಜೊತೆ ಯಾಕೆ ಸೇರಿಸ್ತೀರ?" ಅಂದಳು ಅವಳು. ಮೈಕಿನಲ್ಲಿ ಆ ಮಾತು ಇಡೀ ಹಾಲಿಗೆ ಕೇಳಿಸಿತು. "ಅವಳಿಗೆ ಅಮ್ಮ ಇದ್ದಾಳೆ. ನಾನಿಲ್ಲೇ ಇದ್ದೀನಿ ಶಾಸ್ತ್ರಿಗಳೇ. ಕಾಣ್ತಿದ್ದೀನಾ ನಿಮಗೆ?"

ಶಾಸ್ತ್ರಿಗಳು ಬಾಯಿ ತೆರೆದರು. ಅಷ್ಟರಲ್ಲಿ ಅಡುಗೆಯವರ ಜೊತೆ ವಡೆಯ ವಿಷಯ ಮಾತಾಡುತ್ತಿದ್ದ ಅಧ್ಯಕ್ಷೆ ಆ ಮೂಲೆಯಿಂದಲೇ ಕೈಯೆತ್ತಿ, "ಯಾರ್ರೀ ಅದು ಮಧ್ಯೆ? ಸ್ವಲ್ಪ ಮ್ಯೂಟ್ ಮಾಡ್ರೀ" ಎಂದರು. ಲ್ಯಾಪ್‌ಟಾಪಿನ ಹತ್ತಿರ ಕೂತಿದ್ದವನು ಮಾಡಿಬಿಟ್ಟ. ಅವಳ ತುಟಿ ಅಲುಗಾಡುತ್ತಲೇ ಇತ್ತು, ಶಾಸ್ತ್ರಿಗಳು ಅಲ್ಲಿಂದ ಕಿವಿಗೆ ಕೈ ಹಚ್ಚಿ ಕೇಳಿಸುತ್ತಿಲ್ಲ ಎಂದು ಸನ್ನೆ ಮಾಡುತ್ತಿದ್ದರು. ಅವಳ ಗಂಡನ ಬೊಗಸೆಯ ನೀರು ತಟ್ಟೆಗೆ ಬೀಳದೆ ಪಂಚೆಯ ಮೇಲೆಲ್ಲ ಸೋರಿತು.

ನಾನು ಅಧ್ಯಕ್ಷೆಗೆ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಹೇಳಿದ್ದು ಜರ್ಮನ್‌ನಲ್ಲಿ. ಮೇಲ್‌ಬಾಕ್ಸಿನ ಹತ್ತಿರ ಕಲಿತ ಪದ ಅಂದು ಉಪಯೋಗಕ್ಕೆ ಬಂತು. ಅವರು ಅದನ್ನು ಆಶೀರ್ವಾದ ಎಂದುಕೊಂಡು ಥ್ಯಾಂಕ್ಯೂ ಅಂದರು.

ಹುಡುಗಿಯ ಗಂಡ ಅರ್ಧಕ್ಕೆ ಏಳುವಂತಿರಲಿಲ್ಲ, ಅವನ ಅಪ್ಪನ ಪಿಂಡ ಬಾಕಿ ಇತ್ತು. ಅವನು ಅಸಹಾಯಕನಾಗಿ ನನ್ನ ಕಡೆ ನೋಡಿದ. ನಾನು ಅವಳನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಮೂರು ಜನ ಪಂಚೆಯವರು ಪಿಂಡ ಹಿಡಿದು "ಕಾ ಕಾ" ಎಂದು ಕೂಗುತ್ತಿದ್ದರು. ಕಾಗೆ ಬಂದಿರಲಿಲ್ಲ, ಬಿಳಿಯ ಕಡಲಹಕ್ಕಿಗಳ ಹಿಂಡೊಂದು ಬಂದು ಪಿಂಡವನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಿತ್ತು. ಬೇರೆ ದಿನವಾಗಿದ್ದರೆ ನಿಂತು ನೋಡುತ್ತಿದ್ದೆ. ಗುಡ್ಡದ ಸುತ್ತ ಕಾಗೆ ಹಾರುವುದು ನಿಲ್ಲಲಿ ಎಂದು ಜರ್ಮನರು ಕಾಯುತ್ತಾರೆ, ನಾವು ಒಂದಾದರೂ ಬರಲಿ ಎಂದು ಕಾಯುತ್ತೇವೆ. ಕಾಗೆ ಮಾತ್ರ ಇಬ್ಬರ ಮಾತನ್ನೂ ಕೇಳುವುದಿಲ್ಲ.

ಫ್ರೀವೇ ಉದ್ದಕ್ಕೂ ಅವಳು ಅಳಲಿಲ್ಲ. ಹಾಲಿನ ಬಟ್ಟಲನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು, ತಿರುವಿನಲ್ಲಿ ಚೆಲ್ಲದ ಹಾಗೆ ಜೋಪಾನ ಮಾಡುತ್ತ ಕೂತಿದ್ದಳು. ಹೆರಿಗೆಯಾದ ಮೇಲೆ ದಿನವೂ ಅಳುತ್ತಿದ್ದವಳು ಅಧ್ಯಕ್ಷೆಯ ಮಾತು ಕೇಳಿದ ಮೇಲೆ ಅಳುವುದನ್ನೇ ನಿಲ್ಲಿಸಿದ್ದಾಳೆ ಎಂಬುದು ನನಗೆ ಆಗ ಹೊಳೆಯಿತು. ಮಗುವಿಗೆ ಭಾರವಾಗುತ್ತದೆಂಬ ಹೆದರಿಕೆ. ಬಿಗಿ ಹಿಡಿದ ಆ ಮುಖ ನೋಡಿ ನನಗೆ ನಿಜಕ್ಕೂ ಭಯವಾಯಿತು.

ಶನಿವಾರದ ಕಾಫಿ ನನಗೆ ಮರೆತೇಹೋಗಿತ್ತು. ಬಾಗಿಲು ತೆರೆದರೆ ಅಜ್ಜಿ ನಮ್ಮ ಊಟದ ಮೇಜಿನಲ್ಲಿ ಕೂತಿದ್ದರು. ಅವರ ಮುಂದೆ ಪ್ಲಮ್ ಹಣ್ಣು ಜೋಡಿಸಿ ಸುಟ್ಟ ಕೇಕು. ನನ್ನ ಗಂಡ ಅವರನ್ನು ಒಳಗೆ ಕರೆದು ಕೂರಿಸಿ, ಒಂದು ಲೋಟ ನೀರು ಕೊಟ್ಟು, ಮತ್ತೆ ತಮ್ಮ ಗುಡ್ಡದೊಳಗೆ ಹೋಗಿದ್ದರು. ಹುಡುಗಿಯನ್ನು ಕೂರಿಸಿ ಕಾಫಿಗೆ ಇಟ್ಟೆ. ಏನಾಯಿತು ಎಂದು ಅಜ್ಜಿ ಕೇಳಿದರು. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ, ಎಲ್ಲ ಹೇಳಿದೆ. ನಾಯಿಯ ವಿಷಯಕ್ಕೆ ಅವರು ಹಲ್ಲು ಕಚ್ಚಿದರು.

"ನಮ್ಮ ಊರಲ್ಲೂ ಹೀಗೇ," ಅಂದರು. ಅವರು ಹೇಳುವುದು, ನಾನು ಕನ್ನಡಕ್ಕೆ ತಿರುಗಿಸುವುದು, ಹೀಗೆ ಮಾತು ಸಾಗಿತು. ಅವರ ಕಡೆ ಹಿಂದೆ ದೀಕ್ಷಾಸ್ನಾನ ಆಗದೆ ಸತ್ತ ಕೂಸುಗಳನ್ನು ಚರ್ಚಿನ ಅಂಗಳದಲ್ಲಿ ಹೂಳಲು ಬಿಡುತ್ತಿರಲಿಲ್ಲ. ಸ್ವರ್ಗದಲ್ಲೂ ಜಾಗವಿಲ್ಲ ಎಂದು ಪಾದ್ರಿಗಳ ಮಾತು. ಆದರೆ ಕೆಲವು ಕಡೆ ಜನ ಕದ್ದು ಹೋಗಿ, ಚರ್ಚಿನ ಸೂರಿನ ನೀರು ಬೀಳುವ ಜಾಗದಲ್ಲಿ ಹೂತು ಬರುತ್ತಿದ್ದರು. ಮಳೆ ಬಂದಾಗ ಆ ಸೂರಿನ ನೀರೇ ಕೂಸಿಗೆ ಸ್ನಾನ ಮಾಡಿಸಲಿ ಎಂದು. ನನಗೆ ನಮ್ಮ ಶಾಸ್ತ್ರಿಗಳು ನೆನಪಾದರು. ಹಿತ್ತಿಲ ಬಾಗಿಲು ಇಲ್ಲದ ಶಾಸ್ತ್ರ ಯಾವ ದೇಶದಲ್ಲೂ ಇಲ್ಲ ಎಂದು ಕಾಣುತ್ತದೆ.

ಆ ಸೂರೂ ಸಿಗದ ಮಕ್ಕಳು ಎಲ್ಲಿಗೆ ಹೋಗುತ್ತಾರೆ? ಅಜ್ಜಿಯ ಊರಿನ ಗುಡ್ಡದ ಮೇಲೆ ಒಂದು ಕೊಳ ಇದೆಯಂತೆ. ಅದಕ್ಕೆ ತಳವಿಲ್ಲ ಎಂದು ಜನರ ನಂಬಿಕೆ. ಅದರ ಕೆಳಗೆ ಹಸಿರು ಬಯಲು, ಹಣ್ಣಿನ ಮರ, ಬಿಸಿಲು. ಅಲ್ಲಿ ಒಬ್ಬ ಮುದುಕಿ ಇದ್ದಾಳೆ. ಆಕೆಗೆ ಊರೂರಿಗೊಂದು ಹೆಸರು. ಹುಟ್ಟುವ ಮಕ್ಕಳು ಆಕೆಯ ಹತ್ತಿರದಿಂದಲೇ ಬರುವುದು. ಯಾರೂ ಇಟ್ಟುಕೊಳ್ಳದ ಮಕ್ಕಳು ಮತ್ತೆ ಆಕೆಯ ಹತ್ತಿರವೇ ಹೋಗುವುದು. ಪಾದ್ರಿ ಏನೇ ಹೇಳಲಿ, ಆಕೆ ಬಾಗಿಲಲ್ಲಿ ನಿಂತು ಯಾರ ಮಗು, ಹೆಸರೇನು ಎಂದು ಕೇಳುವುದಿಲ್ಲ.

"ಅಲ್ಲಿ ಏನ್ ಮಾಡ್ತಾರಂತೆ ಮಕ್ಕಳು?" ಹುಡುಗಿ ಮೊದಲ ಸಲ ಬಾಯಿ ತೆರೆದಳು.

ನಾನು ಕೇಳಿ ಹೇಳಿದೆ. "ಆಕೆ ನೆಲದ ಕೆಳಗಿನಿಂದ ಹೊಲ ಉಳ್ತಾಳಂತೆ. ಮಕ್ಕಳು ಬೇರುಗಳಿಗೆ ನೀರು ಹಾಕ್ತಾರಂತೆ. ಮೇಲಿನ ಪೈರು ಚೆನ್ನಾಗಿ ಬರೋದು ಅದಕ್ಕೇ ಅಂತೆ."

"ಸತ್ರೂ ಕೆಲಸ ತಪ್ಪಲ್ವಾ?"

"ಜರ್ಮನರು ಕಣೇ. ಸುಮ್ಮನೆ ಕೂರಿಸ್ತಾರಾ?"

ಅವಳ ತುಟಿಯ ಕೊನೆ ಒಂಚೂರು ಅಲುಗಿತು. "ಒಳ್ಳೇದೇ. ಬೇಜಾರಾಗಲ್ಲ ಅವಳಿಗೆ," ಅಂದಳು.

ಅಜ್ಜಿ ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವರು ಕಥೆ ಮುಂದುವರಿಸಿದರು. ಒಬ್ಬ ತಾಯಿಗೆ ಇದ್ದೊಂದು ಮಗು ಸತ್ತಿತು. ಅವಳು ಹಗಲಿರುಳು ಅಳುತ್ತಿದ್ದಳು. ಕ್ರಿಸ್‌ಮಸ್ ಆದ ಮೇಲಿನ ಆ ಹನ್ನೆರಡು ದಿನಗಳಲ್ಲಿ ಒಮ್ಮೆ ಮುದುಕಿ ತನ್ನ ಮಕ್ಕಳನ್ನೆಲ್ಲ ಕರೆದುಕೊಂಡು ಹಿಮದ ಮೇಲೆ ಹೋಗುತ್ತಿರುವುದು ಅವಳಿಗೆ ಕಾಣಿಸಿತು. ಎಲ್ಲ ಮಕ್ಕಳೂ ಬೇಲಿ ಹಾರಿ ಹೋದವು, ಕಟ್ಟಕಡೆಯ ಒಂದು ಮಗುವಿಗೆ ಮಾತ್ರ ಹತ್ತಲು ಆಗಲಿಲ್ಲ. ಅದರ ಕೈಯಲ್ಲಿ ಒಂದು ಕೊಡ, ಅಂಗಿಯೆಲ್ಲ ಒದ್ದೆ. ತಾಯಿ ಓಡಿಹೋಗಿ ಎತ್ತಿದರೆ ಅದು 'ಅಮ್ಮಾ, ನಿನ್ನ ತೋಳು ಎಷ್ಟು ಬೆಚ್ಚಗಿದೆ' ಅಂದಿತು. 'ಆದರೆ ಇನ್ನು ಅಳಬೇಡ. ನೀನು ಅತ್ತ ನೀರನ್ನೆಲ್ಲ ನಾನು ಈ ಕೊಡದಲ್ಲಿ ಹೊರಬೇಕು.'

ನಾನು ಇದನ್ನು ಕನ್ನಡಕ್ಕೆ ತಿರುಗಿಸಲಿಲ್ಲ. ಕಾಫಿಯ ಲೋಟ ಎತ್ತಿಕೊಂಡು ಕಿಟಕಿಯ ಕಡೆ ನೋಡಿದೆ. ಸರಟೋಗಾದ ಅಧ್ಯಕ್ಷೆಯಿಂದ ಬಂದ ಮಾತನ್ನೇ ಜರ್ಮನಿಯಿಂದಲೂ ತರಿಸಿಕೊಡಬೇಕೇ ಎಂದು ಒಳಗೊಳಗೇ ಕುದಿಯುತ್ತಿತ್ತು. ಸತ್ತವರ ಲೋಕ ಯಾವುದಾದರೇನು, ತಾಯಿಗೆ ಮಾತ್ರ ಎಲ್ಲ ಕಡೆಯೂ ಬಾಯಿ ಮುಚ್ಚು ಎಂದೇ ಅಪ್ಪಣೆ. ಆದರೆ ಅಜ್ಜಿ ಕಥೆ ಹೇಳುವಾಗ ಎರಡೂ ಕೈಯಿಂದ ಭಾರವಾದದ್ದನ್ನು ಎದೆಗೆ ಒತ್ತಿಕೊಂಡು ಎತ್ತುವ ಹಾಗೆ ಮಾಡಿ ತೋರಿಸಿದ್ದರು. ಹುಡುಗಿ ಅದನ್ನು ನೋಡಿದ್ದಳು.

"ಅದೇನು ಆಂಟಿ ಎತ್ತಿದ್ದು? ನೀವು ಪೂರ್ತಿ ಹೇಳ್ಲಿಲ್ಲ."

"ಏನಿಲ್ಲ ಬಿಡು."

"ಹೇಳಿ ಆಂಟಿ."

ಹೇಳಿದೆ. ಎಷ್ಟು ಮೆತ್ತಗೆ ಹೇಳಲು ಸಾಧ್ಯವೋ ಅಷ್ಟು ಮೆತ್ತಗೆ. ಬೇಲಿ, ಕೊಡ, ಒದ್ದೆ ಅಂಗಿ, ಅಳಬೇಡ ಎಂದದ್ದು, ಎಲ್ಲ. ಅವಳು ಹಾಲಿನ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಅಜ್ಜಿ ನನ್ನ ಮುಖವನ್ನೂ ಅವಳ ಮುಖವನ್ನೂ ನೋಡಿ, ತಾನು ಏನೋ ತಪ್ಪು ಮಾಡಿದೆನೆಂದು ಕೇಕಿನ ಚಾಕುವನ್ನು ಕೆಳಗಿಟ್ಟರು.

"ಕೊಡ ತುಂಬಿರುತ್ತಾ ಆಂಟಿ?"

"ತುಂಬಿರುತ್ತಂತೆ."

"ಅದು ಅಮ್ಮಂದು ಅಂತ ಮಗೂಗೆ ಗೊತ್ತಿರುತ್ತಾ?"

ಅಜ್ಜಿಯನ್ನು ಕೇಳಿದೆ. ಗೊತ್ತಿಲ್ಲದೆ ಇರುತ್ತದೆಯೇ, ಗೊತ್ತಿರುವುದರಿಂದಲೇ ಅದು ಕೊಡವನ್ನು ಎಲ್ಲೂ ಕೆಳಗಿಡುವುದಿಲ್ಲ ಅಂದರು. ನಾನು ಹಾಗೆಯೇ ಹೇಳಿದೆ. ಅವಳ ಮುಖದ ಬಿಗಿ ಅಲ್ಲಿಗೆ ಸಡಿಲವಾಯಿತು. ಎಷ್ಟೋ ದಿನದಿಂದ ತಡೆದುಕೊಂಡಿದ್ದದ್ದು ಒಮ್ಮೆಲೇ ಬಂತು. ಅಜ್ಜಿ ಗಾಬರಿಯಾಗಿ ಅವಳ ಕಣ್ಣೊರೆಸಲು ಕರವಸ್ತ್ರ ಹಿಡಿದು ಮುಂದೆ ಬಾಗಿದರು. ಅವಳು ಆ ಕೈಯನ್ನು ಮೆಲ್ಲಗೆ ಹಿಡಿದು ತಡೆದಳು.

"ಒರೆಸ್ಬೇಡಿ ಅಂತ ಹೇಳಿ ಆಂಟಿ ಅವರಿಗೆ," ಅಂದಳು. "ಅವಳಿಗೆ ಎಲೆ ಹಾಕಿಸೋಕೆ ಆಗ್ಲಿಲ್ಲ, ನೀರು ಬಿಡಿಸೋಕೆ ಆಗ್ಲಿಲ್ಲ. ಇದಾದ್ರೂ ಇರ್ಲಿ. ಹೆಣ್ಣುಮಗು ಆಂಟಿ, ತವರುಮನೆಯಿಂದ ಬರಿಗೈಲಿ ಹೋಗ್ಬಾರ್ದು."